ಉಚ್ಚಾರಣ್ಣನ ಗಾಳ

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆ ಹೆಸರು ಹಿಡಿದು ನಮ್ಮ ಬೀದಿಯಲ್ಲಿ ವಿಚಾರಿಸಿದರೆ ಯಾರೂ ದಾರಿ ತೋರಿಸುವುದಿಲ್ಲ. ಉಚ್ಚಾರಣ್ಣ ಎಲ್ಲಿ ಎಂದು ಕೇಳಿ ನೋಡಿ, ಹಣ್ಣಿನ ಗಾಡಿಯವನಿಂದ ಹಿಡಿದು ಬ್ಯಾಂಕಿನ ಕಾವಲುಗಾರನವರೆಗೆ ಎಲ್ಲರೂ ಒಂದೇ ಕಡೆ ಬೆರಳು ಮಾಡುತ್ತಾರೆ. ಮೂಲೆಯಲ್ಲಿ ಆಡಿಯೊ ಅಂಗಡಿ, ಮುಂದೆ ದೊಡ್ಡ ಗಾಜು, ಒಳಗೆ ಎದೆಯೆತ್ತರದ ಸ್ಪೀಕರುಗಳು, ಅವುಗಳ ನಡುವೆ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ತೊಟ್ಟ ಸಣಕಲು ಮನುಷ್ಯ. ಆ ಅಂಗಿಗಳನ್ನು ಹೊಲಿದವಳು ನಾನು. ಎದುರು ಸಾಲಿನಲ್ಲೇ ನನ್ನ ಹೊಲಿಗೆ ಅಂಗಡಿ. ಯಂತ್ರದ ಮುಂದೆ ಕೂತರೆ ಅವನ ಗಾಜು ನೇರವಾಗಿ ಕಾಣುತ್ತದೆ. ತಮ್ಮನ ಮೇಲೆ ಕಣ್ಣಿಡಲಿಕ್ಕೇ ಈ ಮಳಿಗೆ ಹಿಡಿದಳು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಿಜವೇ ಅದು.

ಚಿಕ್ಕವನಿದ್ದಾಗ ಅವನಿಗೆ ಉಗ್ಗು. ಅಂತಿಂಥ ಉಗ್ಗಲ್ಲ. ತನ್ನ ಹೆಸರಿನ ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡು, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬರುವವರೆಗೂ ಒದ್ದಾಡುತ್ತಿದ್ದ. ಶಾಲೆಯಲ್ಲಿ ಹಾಜರಿ ಕೂಗುವಾಗ ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯುತ್ತಿತ್ತು, ನಗಲಿಕ್ಕೆ. ನಕ್ಕವರಿಗಾಗಿ ಸಂಜೆ ಗೇಟಿನ ಹತ್ತಿರ ನಾನು ಕಾಯುತ್ತಿದ್ದೆ. ಅಲ್ಲಿಂದಲೇ ನನಗೆ ಬಜಾರಿ ಎಂಬ ಬಿರುದು ಬಂದದ್ದು. ಅವತ್ತು ನನ್ನ ಕೈಯಲ್ಲಿ ಏಟು ತಿಂದ ಒಬ್ಬ ಈಗ ವಕೀಲನಾಗಿದ್ದಾನೆ. ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾನೆ.

ಮನೆಯಲ್ಲಿ ಒಂದು ಹಳೆಯ ಮರದ ರೇಡಿಯೊ ಇತ್ತು. ಮುಂಭಾಗದಲ್ಲಿ ಹಿತ್ತಾಳೆ ಅಕ್ಷರಗಳಲ್ಲಿ ಕಂಪೆನಿಯ ಹೆಸರು. ಅಪ್ಪ ಅದನ್ನು 'ಟೆಲಿಪಂಕನ್' ಎನ್ನುತ್ತಿದ್ದರು, ಅಮ್ಮ 'ಪಂಕ' ಎನ್ನುತ್ತಿದ್ದಳು. ಒಂದು ಭಾನುವಾರ ಅಪ್ಪನ ಕಾರ್ಖಾನೆಗೆ ಬಂದಿದ್ದ ಪರದೇಶದ ಇಂಜಿನಿಯರೊಬ್ಬ ಮನೆಗೆ ಬಂದ. ರೇಡಿಯೊ ಕಂಡದ್ದೇ ಅವನ ಮುಖ ಅರಳಿ, ಅದರ ತಲೆ ಸವರಿ, "ಟೆಲೆಫುಂಕೆನ್" ಎಂದ. ಬಾಗಿಲ ಹಿಂದೆ ನಿಂತಿದ್ದ ತಮ್ಮ ಅವನು ಹೋದ ಮೇಲೆ ರೇಡಿಯೊ ಮುಂದೆ ಬಂದು ನಿಂತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, "ಟೆಲೆಫುಂಕೆನ್" ಎಂದ. ಇನ್ನೊಮ್ಮೆ ಎಂದ. ಎಲ್ಲೂ ತಡವರಿಸಲಿಲ್ಲ. ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದು ಅವನನ್ನು ತಬ್ಬಿಕೊಂಡು ಅತ್ತಳು. ತನ್ನ ಹೆಸರು ಹೇಳಲಾರದ ಹುಡುಗ ಯಾವುದೋ ದೇಶದ ಪೆಟ್ಟಿಗೆಯ ಹೆಸರು ಹಿಡಿದುಕೊಂಡು ಮಾತಿನ ದಡ ಸೇರಿದ. ಮೀಸೆ ಚಿಗುರುವ ಹೊತ್ತಿಗೆ ಉಗ್ಗು ಹೇಳಹೆಸರಿಲ್ಲದಂತೆ ಹೋಗಿತ್ತು.

ಹಾಗಾಗಿ ಆಡಿಯೊ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಹೆಸರಿನ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಆಗ ಕೇಳಿದ್ದನ್ನೆಲ್ಲ ಹೇಳಿಕೊಡುವ ಮೊಬೈಲು ಎಲ್ಲಿತ್ತು? ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿ ಬಾಯಿಗೆ ಬಂದ ಹಾಗೆ ಓದುವುದೇ ರೂಢಿ. ಇವನು ಏನು ಮಾಡುತ್ತಿದ್ದ ಗೊತ್ತೇ? ಯಜಮಾನರು ಊಟಕ್ಕೆ ಹೋದ ಸಮಯ ನೋಡಿ ಅಂಗಡಿಯ ಫೋನಿನಿಂದ ಆ ಕಂಪೆನಿಯ ದೇಶಕ್ಕೇ ಕರೆ ಹಚ್ಚುತ್ತಿದ್ದ. ಆಚೆಯಿಂದ ಫೋನೆತ್ತಿದವರು ಮೊದಲು ಕಂಪೆನಿಯ ಹೆಸರು ಹೇಳುತ್ತಾರಲ್ಲ, ಇವನಿಗೆ ಬೇಕಾದದ್ದು ಅಷ್ಟೇ. ಕೇಳಿಸಿಕೊಂಡು ಫೋನಿಟ್ಟು, ಕಣ್ಣು ಮುಚ್ಚಿ, ಆ ಹೆಸರನ್ನು ಬಾಯಲ್ಲಿ ಹೊರಳಿಸುತ್ತಾ ಕೂರುತ್ತಿದ್ದ. ಫೋನಿನ ಬಿಲ್ಲು ಬಂದ ದಿನ ಯಜಮಾನರು ಮೇಲೆ ಕೆಳಗೆ ಹಾರಾಡಿದರು.

"ಅಲ್ಲಯ್ಯಾ, ಅಷ್ಟು ದೂರ ಫೋನ್ ಮಾಡಿ ಏನಪ್ಪಾ ಮಾತಾಡ್ದೆ?"

"ನಾನೇನೂ ಮಾತಾಡಿಲ್ಲ ಯಜಮಾನ್ರೇ, ಬರೀ ಕೇಳಿಸ್ಕೊಂಡೆ."

ಯಜಮಾನರು ಹಣೆ ಚಚ್ಚಿಕೊಂಡರು. ಕೆಲಸದಿಂದ ತೆಗೆಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಗಿರಾಕಿಗಳು ಇವನನ್ನೇ ಕೇಳಿಕೊಂಡು ಬರುತ್ತಿದ್ದರು.

ಊರೆಲ್ಲ 'ಸೆನ್‌ಹೀಸರ್' ಎನ್ನುತ್ತಿದ್ದಾಗ ಇವನು ಜೆನ್‌ಹೈಸರ್ ಎಂದ. ಡೀನನ್ ಅಲ್ಲ, ಡೆನೊನ್. ಜಾಮೋ ಅಲ್ಲ, ಯಾಮೋ. ಡ್ಯುಯಲ್ ಎಂಬ ರೆಕಾರ್ಡ್ ಪ್ಲೇಯರಿಗೆ ಅದರ ಊರಿನವರು ಡೂಆಲ್ ಎನ್ನುತ್ತಾರಂತೆ. ನಾಕಾಮಿಕಿ ಅಲ್ಲ, ನಾಕಾಮಿಚಿ. ಮೈಕಿನ ಶೂರ್ ಬಗ್ಗೆ, "ನಮ್ಮ ಶೂರನೇ ಅಕ್ಕಾ, ಕೊನೇಲಿ ಒಂಚೂರು ಉಸಿರು ಕಮ್ಮಿ" ಎನ್ನುತ್ತಿದ್ದ. ಗಿರಾಕಿ ತಪ್ಪು ಹೇಳಿದರೆ ಮಾತ್ರ ಎಂದೂ ತಿದ್ದುತ್ತಿರಲಿಲ್ಲ. ತನ್ನ ಮುಂದಿನ ಮಾತಿನಲ್ಲಿ ಸರಿಯಾದ ಹೆಸರನ್ನು ಮೆಲ್ಲಗೆ ಇಟ್ಟುಬಿಡುತ್ತಿದ್ದ, ಅವರು ತಮಗೇ ಗೊತ್ತಿಲ್ಲದೆ ಎತ್ತಿಕೊಂಡು ಹೋಗುತ್ತಿದ್ದರು. ನನಗೆ ಇದೆಲ್ಲ ಕೆಲಸವಿಲ್ಲದ ಬಡಗಿಯ ಚೇಷ್ಟೆ ಅನ್ನಿಸುತ್ತಿತ್ತು.

"ಹೆಸರು ಹೇಗೆ ಹೇಳಿದ್ರೇನೋ, ಹಾಡು ಬಂದ್ರೆ ಸಾಲ್ದಾ?" ಎಂದೆ ಒಮ್ಮೆ.

"ನಿನ್ನ ಹೆಸರು ಕೆಡಿಸಿ ಕರೆದ್ರೆ ಸುಮ್ನಿರ್ತೀಯಾ?"

"ಹಲ್ಲು ಉದುರಿಸ್ತೀನಿ."

"ಅವಕ್ಕೆ ಕೈಯಿಲ್ಲ ಅಕ್ಕಾ. ಅವುಗಳ ಪರವಾಗಿ ನಾನಿದೀನಿ."

ಇನ್ನು ಗಾಳದ ವಿಷಯ. ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಅಂಗಡಿಯವರನ್ನೂ ಮನೆಯವರನ್ನೂ ಪರೀಕ್ಷೆ ಮಾಡಲಿಕ್ಕೆ ಅವನು ಆಗಾಗ ಬೇಕೆಂದೇ ಒಂದು ಹೆಸರನ್ನು ತಪ್ಪು ಹೇಳುತ್ತಿದ್ದ. ಮಾತಿನ ಮಧ್ಯೆ, ಏನೂ ಅರಿಯದವನಂತೆ. ಹಿಡಿದವರಿಗೆ ಅವನ ಕಡೆಯಿಂದ ಟೀ. ಇದಕ್ಕೆ ನಾವು ಗಾಳ ಎನ್ನುತ್ತಿದ್ದೆವು. ಬೀದಿಯಲ್ಲಿ ಎಲ್ಲರೂ ಕಿವಿ ನಿಮಿರಿಸಿಕೊಂಡು ಇರುತ್ತಿದ್ದರು. ಹಣ್ಣಿನ ಗಾಡಿಯವನು ಹೆಡ್‌ಫೋನ್ ಒಂದನ್ನು ಮುಟ್ಟಿ ಕೂಡ ನೋಡಿದವನಲ್ಲ, ಆದರೆ ತಮ್ಮ ಯಾರ ಹತ್ತಿರವಾದರೂ "ಸೆನ್‌ಹೀಸರ್" ಎಂದರೆ ಸಾಕು, ಅಲ್ಲಿಂದಲೇ "ಹಿಡಿದೆ ಉಚ್ಚಾರಣ್ಣಾ!" ಎಂದು ಕೂಗುತ್ತಿದ್ದ. ಗಾಳ ಹಾಕಿದಾಗ ತಮ್ಮ ಒಂದು ಕೆಲಸ ಮಾಡುತ್ತಿದ್ದ. ತಪ್ಪು ಹೆಸರು ಬಾಯಿಂದ ಬಿದ್ದ ತಕ್ಷಣ ತಲೆಯೆತ್ತಿ ಎದುರಿನವರ ಮುಖ ನೋಡುತ್ತಿದ್ದ, ಹಿಡಿದರೋ ಇಲ್ಲವೋ ಎಂದು. ಹುಟ್ಟಿದಾಗಿನಿಂದ ಅವನನ್ನು ಬಲ್ಲ ನನಗೆ ಆ ನೋಟ ಗೊತ್ತು. ಬೇರೆ ಯಾರೂ ಅದನ್ನು ಗಮನಿಸಿರಲಿಕ್ಕಿಲ್ಲ, ಅವರಿಗೆ ಬೇಕಾದದ್ದು ಟೀ.

ಹೋದ ವರ್ಷ ಬೇಸಿಗೆಯಲ್ಲಿ ಬೀದಿಗೆ ಟೀ ಜಾಸ್ತಿಯಾಯಿತು.

ಮೊದಲು ನಾನೂ ನಕ್ಕೆ. ಅವನ ಅಂಗಡಿಯ ಮೆಟ್ಟಿಲ ಮೇಲೆ ಖಾಲಿ ಲೋಟಗಳ ಸಾಲು ಉದ್ದವಾಗುತ್ತಾ ಹೋಯಿತು. ಕ್ಯಾಶ್ ಕೌಂಟರಿನಲ್ಲಿ ಕೂರುವ ಹೆಂಗಸು ಬಟನ್ ಹಾಕಿಸಲು ಬಂದವಳು, "ಏನಕ್ಕಾ ನಿಮ್ಮ ತಮ್ಮ, ಬೆಳಿಗ್ಗೆಯಿಂದ ಬರೀ ಗಾಳ ಹಾಕ್ತಿದಾರೆ, ಟೀ ಕುಡಿದೂ ಕುಡಿದೂ ನಂಗೆ ಎದೆ ಉರಿ" ಎಂದು ನಕ್ಕಳು. ಎಲ್ಲರಿಗೂ ಸುಗ್ಗಿ. ನನಗೆ ಯಾಕೋ ನಗು ಪೂರ್ತಿ ಬರಲಿಲ್ಲ. ಗಾಳ ಎಂದರೆ ಅಪರೂಪಕ್ಕೆ ಹಾಕುವುದು. ದಿನವಿಡೀ ಹಾಕಿದರೆ ಮೀನು ಬರುತ್ತದೆಯೇ?

ಒಂದು ಮಧ್ಯಾಹ್ನ ಹೊಲಿದ ಅಂಗಿ ಕೊಡಲು ಅವನ ಅಂಗಡಿಗೆ ಹೋದೆ. ಹೊಸದಾಗಿ ಮದುವೆಯಾದ ಗಂಡ ಹೆಂಡತಿಗೆ ಅವನು ಒಂದು ಆಂಪ್ಲಿಫೈಯರ್ ತೋರಿಸುತ್ತಿದ್ದ. ಬೆರಳಿನಿಂದ ಗುಂಡಿ ತಿರುಗಿಸುತ್ತಾ, "ಇದು ನೋಡಿ ಸರ್, ನೆಡೋನ್" ಎಂದ.

"ಹಿಡಿದೆ!" ಎಂದು ಕೌಂಟರಿನವಳು ಚಪ್ಪಾಳೆ ತಟ್ಟಿದಳು.

ಅವನು ತಲೆಯೆತ್ತಿ ಯಾರ ಮುಖವನ್ನೂ ನೋಡಿರಲಿಲ್ಲ. ಗುಂಡಿಯ ಮೇಲೇ ಕಣ್ಣಿಟ್ಟು ಮುಂದಿನ ಮಾತಿಗೆ ಹೊರಟಿದ್ದ. ಚಪ್ಪಾಳೆ ಕೇಳಿದ ಮೇಲೆ ಬೆಚ್ಚಿಬಿದ್ದು ಕಣ್ಣು ಮಿಟುಕಿಸಿದ. ಆಮೇಲೆ ನಕ್ಕು, "ಚುರುಕಾಗಿದೀರಿ ಕಣ್ರೀ, ಟೀ ಹೇಳಿ" ಎಂದ. ನನ್ನ ಕೈಯಲ್ಲಿದ್ದ ಅಂಗಿಯ ಪೊಟ್ಟಣ ತಣ್ಣಗಾದ ಹಾಗೆ ಅನ್ನಿಸಿತು. ಅವನು ಗಾಳ ಹಾಕಿರಲಿಲ್ಲ.

ಗಿರಾಕಿಗಳು ಹೋದ ಮೇಲೆ ಅವನ ತೋಳು ಹಿಡಿದು ಒಳಗಿನ ಕೇಳುವ ಕೋಣೆಗೆ ಎಳೆದುಕೊಂಡು ಹೋದೆ. ದುಬಾರಿ ಸ್ಪೀಕರುಗಳನ್ನು ಕೇಳಿಸುವ ಕೋಣೆ ಅದು. ಗೋಡೆ, ಚಾವಣಿ ಎಲ್ಲ ಕಡೆ ದಪ್ಪ ಸ್ಪಂಜು, ಎರಡೆರಡು ಬಾಗಿಲು. ಒಳಗೆ ಹೋದರೆ ಬೀದಿ ಸತ್ತೇ ಹೋಗುತ್ತದೆ, ನಮ್ಮ ಕಿವಿಯೊಳಗಿನ ರಕ್ತದ ಸದ್ದು ನಮಗೇ ಕೇಳಿಸುತ್ತದೆ. ನನಗೆ ಆ ಕೋಣೆ ಯಾವತ್ತೂ ಆಗಿಬರುವುದಿಲ್ಲ.

"ಏನೋ ಆಗಿದೆ ನಿಂಗೆ?"

"ಏನಾಗಿದೆ? ಗಾಳ ಅಕ್ಕಾ."

"ಗಾಳ ಅಂತೆ ಗಾಳ! ಯಾರ ಕಿವಿಗೆ ಹೂವಿಡ್ತೀಯೋ? ನೀನು ತಲೆ ಎತ್ತಲಿಲ್ಲ."

ನಾನು ಕೂಗಿದ್ದು ಆ ಸ್ಪಂಜಿನಲ್ಲಿ ಇಂಗಿಹೋಯಿತು. ಅವನು ಸ್ಪೀಕರಿನ ಮೇಲಿದ್ದ ಇಲ್ಲದ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ. "ಆಯಾಸ ಆದ್ರೆ ಹಾಗಾಗುತ್ತೆ. ಸುಮ್ನೆ ರಂಪ ಮಾಡ್ಬೇಡ" ಎಂದು ಬಾಗಿಲು ತೆಗೆದು ಹೊರಟ.

ಅವನ ಹೆಂಡತಿಗೆ ಹೇಳೋಣವೆಂದು ಸಂಜೆ ಮನೆಗೆ ಹೋದೆ. ಒಳ್ಳೆಯ ಹುಡುಗಿ, ಮಕ್ಕಳಿಗೆ ಪಾಠ ಹೇಳುತ್ತಾಳೆ, ಗಂಡನೆಂದರೆ ಪ್ರಾಣ. ನನ್ನ ಮಾತು ಕೇಳಿ ನಗಲಾರಂಭಿಸಿದಳು. "ಅಯ್ಯೋ ಅಕ್ಕಾ, ಮನೇಲೂ ಶುರು ಹಚ್ಕೊಂಡಿದಾರೆ. ನಿನ್ನೆ ಚಮಚ ಕೊಡು ಅನ್ನೋಕೆ ಬಾಚಣಿಗೆ ಕೊಡು ಅಂದ್ರು. ಮಗಳು ತಕ್ಷಣ ಹಿಡಿದ್ಲು. ಅವಳಿಗೆ ಟೀ ಬೇಡ್ವಂತೆ, ಐಸ್‌ಕ್ರೀಮ್ ಕೊಡಿಸಿದ್ರು." ಕಾಲೇಜಿಗೆ ಹೋಗುವ ಮಗಳು ಒಳಗಿನಿಂದ, "ಅಪ್ಪ ಈಗ ಲೆವೆಲ್ ಜಾಸ್ತಿ ಮಾಡಿದಾರೆ ಅತ್ತೆ" ಎಂದಳು. ತಾಯಿ ಮಗಳು ಇಬ್ಬರೂ ನಕ್ಕರು. ಅಷ್ಟರಲ್ಲಿ ಮನೆಗೆ ಬಂದಿದ್ದ ತಮ್ಮನೂ ನಕ್ಕ, ಆದರೆ ಅವನು ನನ್ನ ಕಡೆ ನೋಡಲಿಲ್ಲ. ನನಗೆ ಅಲ್ಲೇ ಗೊತ್ತಾಯಿತು. ಗಾಳವೆಂಬ ನೆಪ ಸಿಕ್ಕಿದೆ ಅವನಿಗೆ. ಬಾಯಿ ತಪ್ಪಿದಾಗಲೆಲ್ಲ ನಕ್ಕು ಟೀ ಕೊಡಿಸಿ ಮುಚ್ಚಿಕೊಳ್ಳುತ್ತಿದ್ದಾನೆ. ಬೆಂಕಿ ಬಿದ್ದ ಮನೆಯಲ್ಲಿ ಕೂತು ಎಲ್ಲರೂ ಚಳಿ ಕಾಯಿಸಿಕೊಳ್ಳುತ್ತಿದ್ದಾರೆ.

ಬಾಯಿ ಮಾತಿಗೆ ಬಗ್ಗುವವನಲ್ಲ ಎಂದು ನಾನೇ ಅವನಿಗೆ ಗಾಳ ಹಾಕಿದೆ. ಅವನು ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಕೂತಿದ್ದಾಗ, ಸೂಜಿಗೆ ದಾರ ಪೋಣಿಸುತ್ತಾ, "ಪಕ್ಕದ ಮನೆಯವರು ಸ್ಪೀಕರ್ ತಗೋಬೇಕಂತೆ ಕಣೋ, ಜಾಮೋ ಚೆನ್ನಾಗಿರುತ್ತಾ?" ಎಂದೆ. ಜಾಮೋ ಎಂಬ ಮಾತು ಕೇಳಿದರೆ ನಿದ್ದೆಯಲ್ಲೂ ಎದ್ದು ಕೂರುವವನು ಅವನು.

"ಹೂಂ, ಚೆನ್ನಾಗಿರುತ್ತೆ" ಎಂದ.

"ಇಲ್ಲಾಂದ್ರೆ ನಾಕಾಮಿಕಿ?"

"ಅದೂ ಪರವಾಗಿಲ್ಲ."

ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಯಂತ್ರ ನಿಲ್ಲಿಸಿ ಎದ್ದೆ, ಅಂಗಡಿಗೆ ಬೀಗ ಹಾಕಿದೆ, ಅವನ ಕೈ ಹಿಡಿದುಕೊಂಡೆ. "ಎಲ್ಲಿಗೆ?" ಎಂದ. "ಆಸ್ಪತ್ರೆಗೆ. ಬರಲ್ಲ ಅಂದ್ರೆ ಬೀದಿಯೆಲ್ಲ ಸೇರೋ ಹಾಗೆ ಬೊಬ್ಬೆ ಹಾಕ್ತೀನಿ" ಎಂದೆ. ನಾನು ಹಾಕುತ್ತೇನೆಂದು ಅವನಿಗೆ ಗೊತ್ತು. ಆಟೊದಿಂದ ಇಳಿಯುವಾಗ ಕೇಳಿದ, "ಅಕ್ಕಾ, ಉಗ್ಗು ವಾಪಸ್ ಬರ್ತಿದ್ಯಾ?" ಉಗ್ಗೇ ಆಗಿರಲಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಉಗ್ಗಲ್ಲ. ತಲೆಯ ಎಡಭಾಗದಲ್ಲಿ ಗಡ್ಡೆ. ಬೆಳಕಿನ ಪೆಟ್ಟಿಗೆಗೆ ಚಿತ್ರ ಸಿಕ್ಕಿಸಿ ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಮಾತು ಹುಟ್ಟುವ ಜಾಗಕ್ಕೇ ಬಂದು ಅಂಟಿಕೊಂಡು ಕೂತಿದೆ. ತೆಗೆಯದಿದ್ದರೆ ಮಾತೂ ಹೋಗುತ್ತದೆ, ಮನುಷ್ಯನೂ ಹೋಗುತ್ತಾನೆ. ಕಣ್ಣುಮುಚ್ಚಿ ಪೂರ್ತಿ ಕೆರೆದು ತೆಗೆದರೆ ಮನುಷ್ಯ ಉಳಿದು ಮಾತು ಹೋಗಬಹುದು. ತಮ್ಮ ಚಿತ್ರವನ್ನು ದಿಟ್ಟಿಸಿ ನೋಡಿದ. "ಮಾತು ಬಿಟ್ಟು ಬಾಕಿ ಏನಿದೆ ಡಾಕ್ಟ್ರೇ ನನ್ನ ಹತ್ರ?" ಎಂದ. ಸುದ್ದಿ ಕೇಳಿ ಓಡಿ ಬಂದಿದ್ದ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕು ಐಸ್‌ಕ್ರೀಮಿನ ಕತೆ ಹೇಳಿದವಳು ಆಮೇಲೆ ವಾರಗಟ್ಟಲೆ ಗೋಡೆಗೆ ತಲೆ ಕೊಟ್ಟು ಕೂತಿದ್ದಳು. ಅವಳನ್ನು ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತುಗಳನ್ನೆಲ್ಲ ನಾನು ನುಂಗಿಕೊಂಡೆ.

ಡಾಕ್ಟರು ಒಂದು ದಾರಿ ಹೇಳಿದರು. ಎಚ್ಚರವಿರುವಾಗಲೇ ಆಪರೇಷನ್. ತಲೆ ತೆರೆದ ಮೇಲೆ ಎಬ್ಬಿಸುತ್ತಾರೆ, ಮಿದುಳಿಗೆ ನೋವು ಗೊತ್ತಾಗುವುದಿಲ್ಲವಂತೆ. ಒಂದೊಂದೇ ಜಾಗಕ್ಕೆ ಸಣ್ಣಗೆ ಕರೆಂಟು ಮುಟ್ಟಿಸುತ್ತಾ ಹೋಗುತ್ತಾರೆ, ಇವನು ಚಿತ್ರ ನೋಡಿ ಹೆಸರು ಹೇಳುತ್ತಿರಬೇಕು. ಎಲ್ಲಿ ಮುಟ್ಟಿದಾಗ ಹೆಸರು ತಪ್ಪುತ್ತದೋ ಆ ಜಾಗಕ್ಕೆ ಕತ್ತಿ ಹೋಗುವುದಿಲ್ಲ. ಚಿತ್ರ ತೋರಿಸಲು ಒಬ್ಬ ಮಾತಿನ ಡಾಕ್ಟರಮ್ಮ. ವಯಸ್ಸು ಚಿಕ್ಕದು, ನಿಧಾನದ ಮಾತು. "ನಿಮಗೆ ತುಂಬಾ ಪಳಗಿದ ಹೆಸರುಗಳು ಯಾವುವು?" ಎಂದು ಕೇಳಿದಳು. ಇದಕ್ಕಿಂತ ಬೇಕೇ? ಮರುದಿನದಿಂದ ತಮ್ಮ ಅವಳಿಗೆ ಮೇಷ್ಟ್ರಾದ. ಸ್ಪೀಕರು, ಆಂಪ್ಲಿಫೈಯರು, ಮೈಕುಗಳ ಫೋಟೋ ಹರಡಿಕೊಂಡು, ಸರಿಯೇನು ತಪ್ಪೇನು ಎಂದು ಅವಳಿಗೆ ಮೊದಲು ಗೊತ್ತಾಗಬೇಕಲ್ಲ ಎಂದು ಒಂದೊಂದನ್ನೂ ಬಾಯಿಪಾಠ ಮಾಡಿಸಿದ. ಕೊಟ್ಟ ಔಷಧಕ್ಕೆ ಗಡ್ಡೆಯ ಸುತ್ತಿನ ಊತ ಇಳಿದು ಹೆಸರುಗಳು ಹೆಚ್ಚುಕಡಿಮೆ ಎಲ್ಲ ವಾಪಸು ಬಂದಿದ್ದವು. ಆ ಕೆಲವು ದಿನ ಅವನು ಖುಷಿಯಾಗಿದ್ದ. ನನಗೆ ಅದೇ ಹೆದರಿಕೆ. ಆರುವ ದೀಪ ಜೋರಾಗಿ ಉರಿಯುತ್ತದೆ ಎನ್ನುತ್ತಾರಲ್ಲ.

ಇನ್ನೊಂದು ಹೆದರಿಕೆಯೂ ಇತ್ತು. ಈ ಪುಣ್ಯಾತ್ಮ ಅಲ್ಲಿಯೂ ಗಾಳ ಹಾಕಿದರೆ? ತಲೆ ತೆರೆದಿಟ್ಟುಕೊಂಡು, ಅಭ್ಯಾಸಬಲದಿಂದ, ತಮಾಷೆಗೆ ಒಂದು ಹೆಸರು ತಪ್ಪು ಹೇಳಿದರೆ ಅವರು ತೆಗೆಯಬಹುದಾದ ಗಡ್ಡೆಯನ್ನು ಬಿಟ್ಟುಬಿಡುತ್ತಾರೆ. ನಿಜವಾಗಿ ತಪ್ಪಿದ್ದನ್ನು ತಮಾಷೆ ಎಂದುಕೊಂಡರೆ ಮಾತಿಗೇ ಕತ್ತಿ ಬೀಳುತ್ತದೆ. "ನನ್ನ ಮೇಲಾಣೆ, ಒಳಗೆ ಗಾಳ ಹಾಕ್ಬೇಡ" ಎಂದು ಕೈ ಹಿಡಿದುಕೊಂಡೆ. "ಆಣೆ ಅಕ್ಕಾ" ಎಂದ. ನನಗೆ ಸಾಲಲಿಲ್ಲ. ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದು, "ಅವನ ಕಣ್ಣು ನೋಡಿ ತಾಯಿ. ತಪ್ಪು ಹೇಳಿ ನಿಮ್ಮ ಮುಖ ನೋಡಿದ್ರೆ ತಮಾಷೆ. ನೋಡದೇ ಇದ್ರೆ ನಿಜ" ಎಂದೆ. ಅವಳು ನಗಲಿಲ್ಲ. "ನೋಡ್ತೀನಮ್ಮಾ" ಎಂದಳು.

ಆಪರೇಷನ್ ದಿನ ಬೆಂಚಿನ ಮೇಲೆ ನಾವು ಮೂವರು ಹೆಂಗಸರು. ನಡುವಿನ ಬಾಗಿಲಿಗೆ ಎರಡು ಪದರ, ಆ ಕೇಳುವ ಕೋಣೆಯ ಹಾಗೆ, ಒಳಗಿನದು ಒಂದೂ ಹೊರಗೆ ಬರುವುದಿಲ್ಲ. ಒಳಗೆ ನನ್ನ ತಮ್ಮ ತೆರೆದ ತಲೆಯಲ್ಲಿ ಡೆನೊನ್, ಯಾಮೋ ಎಂದು ಹೇಳುತ್ತಾ ಮಲಗಿದ್ದಾನೆ ಎಂದು ನೆನೆದು ನಾನೂ ಆ ಹೆಸರುಗಳನ್ನೇ ಜಪ ಮಾಡುತ್ತಾ ಕೂತೆ. ಮಗಳು ನನ್ನ ಮಡಿಲಲ್ಲಿ ಮುಖವಿಟ್ಟು, "ಐಸ್‌ಕ್ರೀಮ್ ತಿಂದೆ ಅತ್ತೆ ನಾನು" ಎಂದಳು. ಅವಳ ತಲೆ ನೇವರಿಸಿದೆ.

ಸಂಜೆ ಡಾಕ್ಟರಮ್ಮ ಹೊರಗೆ ಬಂದಳು. ಕಣ್ಣಿನ ಸುತ್ತ ಕನ್ನಡಕದ ಗುರುತು ಬಿದ್ದಿತ್ತು. ಬಹುಪಾಲು ತೆಗೆದಿದ್ದಾರೆ. ಕೊನೆಯಲ್ಲಿ ಒಂದು ಜಾಗಕ್ಕೆ ಮುಟ್ಟಿಸಿದಾಗ ನಾಕಾಮಿಚಿಯ ಚಿತ್ರ ತೋರಿಸಿದ್ದಾಳೆ, ಇವನು ಬೇರೇನೋ ಹೇಳಿದ್ದಾನೆ. "ನೀವು ಹೇಳಿದ ಹಾಗೆ ಕಣ್ಣು ನೋಡ್ದೆ ಅಮ್ಮಾ. ಅವರು ನನ್ನ ಕಡೆ ನೋಡಲಿಲ್ಲ. ಕೈ ಎತ್ತಿದೆ. ಸರ್ ಅಲ್ಲೇ ನಿಲ್ಲಿಸಿದ್ರು." ಅಷ್ಟು ಉಳಿದಿದೆ. ಅದು ಸುಮ್ಮನಿರಬಹುದು, ಮತ್ತೆ ಬೆಳೆಯಲೂಬಹುದು. ಬೆಳೆದರೆ ಇನ್ನೊಮ್ಮೆ ತೆರೆಯುವ ಹಾಗಿಲ್ಲ.

ಮಾತು ಉಳಿದಿತ್ತು. ಸ್ವಲ್ಪ ನಿಧಾನ, ಒಂದು ಪದಕ್ಕೂ ಇನ್ನೊಂದಕ್ಕೂ ಮಧ್ಯೆ ಮೆಟ್ಟಿಲು ಹುಡುಕುವವನ ಹಾಗೆ ನಿಲ್ಲುತ್ತಿದ್ದ. ತಲೆಗೆ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿ ಕೂತಿದ್ದವನು ನನ್ನನ್ನು ಕಂಡು, "ಅಕ್ಕಾ, ಆ ಡಾಕ್ಟ್ರಮ್ಮನಿಗೆ ಒಂದು ಟೀ ಕೊಡ್ಸು. ಒಳಗೆ ಗಾಳ ಹಾಕಿದ್ದೆ, ಹಿಡಿದ್ಬಿಟ್ರು" ಎಂದ.

ಹಾಗಾದರೆ ತೆಗೆಯಬಹುದಾದದ್ದನ್ನು ಬಿಟ್ಟು ಬಂದರೇ?

"ನನ್ನ ಮುಖ ನೋಡಿ ಹೇಳೋ."

ಅವನು ಕಿಟಕಿ ನೋಡಿದ. ಹೊದಿಕೆಯ ಅಂಚು ಹಿಡಿದು ಮಡಿಸಿದ, ಬಿಡಿಸಿದ. ಆಮೇಲೆ, "ಬರಲಿಲ್ಲ ಅಕ್ಕಾ. ಎಷ್ಟು ಹುಡುಕಿದ್ರೂ ಬರಲಿಲ್ಲ. ಕಣ್ಮುಂದೆ ಚಿತ್ರ ಇದೆ, ಬಾಯಲ್ಲಿ ಜಾಗ ಇಲ್ಲ" ಎಂದು ಮಗುವಿನ ಹಾಗೆ ಅತ್ತ. ಅವನ ತಲೆ ಮುಟ್ಟಲು ಹೆದರಿ ನಾನು ಅವನ ಪಾದ ಹಿಡಿದುಕೊಂಡು ಕೂತೆ.

ಅಳು ನಿಂತ ಮೇಲೆ ನನ್ನಿಂದ ಒಂದು ಮಾತು ತೆಗೆದುಕೊಂಡ. "ದಿನಾ ಬೆಳಿಗ್ಗೆ ನಿನ್ನ ಅಂಗಡೀಲಿ ಹೆಸರುಗಳನ್ನ ಹೇಳ್ತೀನಿ. ತಪ್ಪಿದ ದಿನ ಮುಖದ ಮೇಲೆ ಹೇಳು. ಹೆಂಡ್ತಿ ಹೇಳಲ್ಲ, ಮಗಳು ಹೇಳಲ್ಲ, ಸರಿ ಸರಿ ಅಂತ ಸಮಾಧಾನ ಮಾಡ್ತಾರೆ. ಬೀದಿಯೋರು ಟೀ ಕೇಳ್ತಾರೆ. ನಿನ್ನ ಬಾಯಿ ಮಾತ್ರ ಸುಮ್ನಿರಲ್ಲ."

"ನನ್ನನ್ನೇನು ಬಜಾರಿ ಅಂದ್ಕೊಂಡ್ಯಾ?"

"ಹೂಂ."

"ಸರಿ ಹಾಗಾದ್ರೆ. ಉಗೀತೀನಿ" ಎಂದೆ.

ಅವನು ಕೆಲಸಕ್ಕೆ ಮರಳಿದ. ಯಜಮಾನರು ಒಂದು ಕುರ್ಚಿ ಹಾಕಿಸಿಕೊಟ್ಟರು. ಹೊಲಿಗೆಯ ಗುರುತು ಕಾಣದಿರಲೆಂದು ನಾನು ಮೆತ್ತನೆಯ ಟೋಪಿ ಹೊಲಿದುಕೊಟ್ಟೆ. ದಿನಾ ಬೆಳಿಗ್ಗೆ ತನ್ನ ಅಂಗಡಿಯ ಷಟರ್ ಎತ್ತುವ ಮೊದಲು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಟೀ ಲೋಟ ಹಿಡಿದು, ಹೆಸರು ಹೇಳುತ್ತಿದ್ದ. ಡೆನೊನ್. ಜೆನ್‌ಹೈಸರ್. ಯಾಮೋ. ಡೂಆಲ್. ಶೂರ್. ಎಲ್ಲಕ್ಕೂ ಕೊನೆಗೆ, ಒಂದು ಉಸಿರು ಎಳೆದುಕೊಂಡು, ನಾಕಾಮಿಚಿ. ನಾನು ಯಂತ್ರ ನಿಲ್ಲಿಸಿ ಕೇಳುತ್ತಿದ್ದೆ. ಆ ಕೊನೆಯ ಹೆಸರು ಸರಿಯಾಗಿ ದಾಟಿದರೆ ನನ್ನ ದಿನ ಶುರು. ಆಚೀಚೆ ಅರ್ಧ ಅಕ್ಷರ ಎಳೆದರೂ "ನೆಟ್ಟಗೆ ಹೇಳೋ ಸೋಮಾರಿ" ಎಂದು ಗದರುತ್ತಿದ್ದೆ, ಅವನು ನಕ್ಕು ನೆಟ್ಟಗೆ ಹೇಳುತ್ತಿದ್ದ. ಮಳೆಗಾಲ ಹೋಯಿತು, ಚಳಿ ಬಂದು ಹೋಯಿತು. ಬೀದಿಯವರು ಮರೆತರು. ಉಚ್ಚಾರಣ್ಣ ಗೆದ್ದುಬಂದ ಎಂದು ಹಣ್ಣಿನ ಗಾಡಿಯವನು ಎಲ್ಲರಿಗೂ ಹೇಳುತ್ತಿದ್ದ. ನಾನು ಮರೆಯಲಿ ಹೇಗೆ? ಪ್ರತಿ ಬೆಳಿಗ್ಗೆ ಆ ಒಂದು ಉಸಿರಿನಷ್ಟು ಹೊತ್ತು ಅವನ ತುಟಿಯನ್ನೇ ನೋಡುತ್ತಾ ಕೂರುತ್ತಿದ್ದೆ.

ಮೊನ್ನೆ ಸೋಮವಾರವೂ ಬಂದ. ಸ್ಟೂಲು ಎಳೆದುಕೊಂಡ. ಡೆನೊನ್ ಎಂದ. ಜೆನ್‌ಹೈಸರ್ ಎಂದ. ಯಾಮೋ, ಡೂಆಲ್, ಶೂರ್. ಉಸಿರು ಎಳೆದುಕೊಂಡ.

"ನಾಮಿಕಾಚಿ."

ನಾನು ಬಾಯಿ ತೆರೆದೆ. ಅವನು ಲೋಟದಲ್ಲೇ ಕಣ್ಣಿಟ್ಟಿದ್ದ, ಟೀ ಮೇಲಿನ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದ. ಬಿಸಿಲು ಅವನ ಟೋಪಿಯ ಮೇಲೆ ಬಿದ್ದಿತ್ತು. ಎಷ್ಟು ಸಮಾಧಾನವಾಗಿ ಕೂತಿದ್ದ! ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಏನು ಬೇಕಾದರೂ ಅಂದುಬಿಡುವ ನನ್ನ ನಾಲಿಗೆ ಆ ಹೊತ್ತಿಗೆ ಸೋತಿತು.

"ಸರಿ ಕಣಪ್ಪಾ" ಎಂದೆ.

ಅವನ ಬೆರಳು ನಿಂತಿತು. ಆಗ ತಲೆಯೆತ್ತಿ ನನ್ನ ಮುಖ ನೋಡಿದ, ತುಂಬಾ ಹೊತ್ತು.

"ಕಣಪ್ಪಾ ಅಂದ್ಯಾ?" ಎಂದ. "ಬೈಯಲಿಲ್ಲ ನೀನು."

ನಾನು ಬಟ್ಟೆ ಮಡಿಸುವ ನೆಪ ಮಾಡಿದೆ. ಮಡಿಸಲು ಬಟ್ಟೆಯೇ ಇರಲಿಲ್ಲ.

"ಅಕ್ಕಾ, ನೀನು ಮಾತು ಕೊಟ್ಟಿದ್ದೆ. ನೀನು ಬೈದ್ರೆ ಇನ್ನೊಂದ್ಸಲ ಹೇಳೋಕಾದ್ರೂ ಧೈರ್ಯ ಇರುತ್ತೆ. ನೀನೂ ಸಮಾಧಾನ ಮಾಡೋಕೆ ಶುರು ಮಾಡಿದ್ರೆ ಅದು ವಾಪಸ್ ಬಂತು ಅಂತ ಅರ್ಥ. ಬಂತಾ?"

"ತಪ್ಪು ಕಣೋ!" ನಾನು ಕಿರುಚಿದೆ. ಗಂಟಲು ಹರಿದುಹೋಗುವ ಹಾಗೆ ಕಿರುಚಿದೆ. "ತಪ್ಪು ಹೇಳ್ದೆ ಕತ್ತೆ! ನಾ, ಕಾ, ಮಿ, ಚಿ! ಹೇಳು!"

"ನಾ... ಮಿ..."

"ತಪ್ಪು! ಇನ್ನೊಂದ್ಸಲ!"

ಎದುರು ಸಾಲಿನಲ್ಲಿ ಒಂದೊಂದೇ ತಲೆ ನಮ್ಮ ಕಡೆ ತಿರುಗಿತು. ಕೌಂಟರಿನ ಹೆಂಗಸು ಮೆಟ್ಟಿಲಿಗೆ ಬಂದು ನಿಂತಳು. ಹಣ್ಣಿನ ಗಾಡಿಯವನ ಮುಖ ಇಷ್ಟಗಲವಾಯಿತು, ಎಷ್ಟೋ ತಿಂಗಳ ಮೇಲೆ ಆಟ ಮತ್ತೆ ಶುರುವಾಯಿತೆಂದು.

"ಅಕ್ಕ ಹಿಡಿದ್ರಾ?" ಎಂದು ಅಲ್ಲಿಂದಲೇ ಕೂಗಿದ. "ನಮಗೂ ಒಂದು ಟೀ, ಉಚ್ಚಾರಣ್ಣಾ!"

ತಮ್ಮ ಒಂದು ಕೈಯಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಇನ್ನೊಂದು ಕೈ ಎತ್ತಿ, ನಕ್ಕು, ಎಲ್ಲರಿಗೂ ಕೊಡು ಎಂದು ಟೀ ಅಂಗಡಿಯವನಿಗೆ ಸನ್ನೆ ಮಾಡಿದ.